ಮಂಡಕ್ಕಿಯೋ ಅವಲಕ್ಕಿಯೋ

ಪೇಂಟ್ ಅಂಗಡಿಗೆ ಹೋಗಿ "ಬಿಳಿ ಕೊಡಿ" ಅಂದರೆ ಈಗ ಯಾರೂ ಬಿಳಿ ಕೊಡುವುದಿಲ್ಲ. ಶೇಡ್ ಕಾರ್ಡ್ ಬಿಚ್ಚುತ್ತಾರೆ. ನಾವು ಬಿಳಿ ಅಂದುಕೊಂಡಿದ್ದರಲ್ಲೇ ಪುಟಗಟ್ಟಲೆ ಬಣ್ಣ. ಹಾಲ್‌ಗೆ ಅಂತ ಸೋಸಿ ಸೋಸಿ ಕೊನೆಗೆ ಎರಡು ಉಳಿದವು. ಪೇಂಟರ್ ನೋಡಿ, "ಎರಡೂ ಒಂದೇ ಅಲ್ವೇನ್ರೀ?" ಅಂದರು. ಅಮ್ಮ ಕನ್ನಡಕ ಏರಿಸಿದರು. ದಾವಣಗೆರೆಯವರಲ್ವಾ, "ಇದು ಮಂಡಕ್ಕಿ, ಅದು ಅವಲಕ್ಕಿ" ಅಂತ ತೀರ್ಪು ಕೊಟ್ಟರು.

ಸರಿಯಾಗೇ ಹೇಳಿದ್ದರು. ಅವಲಕ್ಕಿ ಒಂಚೂರು ಮಬ್ಬು, ಜೊತೆಗೆ ಹಸಿರಿನ ಛಾಯೆ. ಅಂಗಡಿಯ ಮೆಷಿನ್ ಬಿಳಿ ಬೇಸ್‌ಗೆ ಹನಿ ಹನಿ ಸ್ಟೇನರ್, ಅಂದರೆ ಗಟ್ಟಿ ಬಣ್ಣದ ದ್ರವ, ಬಿಡುತ್ತದೆ. ಹಳದಿಯ ಜೊತೆ ಕಪ್ಪು ಬಿದ್ದರೆ ಬಣ್ಣ ಹಸಿರಿಗೆ ವಾಲುತ್ತದೆ, ಕೆಂಪು ಬಿದ್ದರೆ ಗುಲಾಬಿಗೆ. ಒಂದನ್ನೇ ನೋಡಿದರೆ ಇದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಬಿಳಿ ಹಾಳೆ ಹಿಡಿಯಿರಿ, ಗುಟ್ಟು ಬಯಲು. ಸುಣ್ಣ ಹೊಡೆಯುತ್ತಿದ್ದ ಕಾಲದವರು ಬಕೆಟ್ಟಿಗೆ ಚೂರು ನೀಲಿ ಕಲಸುತ್ತಿದ್ದದ್ದು ಸುಮ್ನೆ ಅಲ್ಲ. ಸುಣ್ಣದ ಹಳದಿ ಛಾಯೆಯನ್ನು ನೀಲಿ ಅಡಗಿಸುತ್ತದೆ, ಗೋಡೆ ಇನ್ನೂ ಬೆಳ್ಳಗೆ ಕಾಣುತ್ತದೆ.

ಕೆಲವು ಕಾರ್ಡುಗಳಲ್ಲಿ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತದೆ. ಬಣ್ಣ ಎಷ್ಟು ಬೆಳಕು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ. ಕಡುಗಪ್ಪಿಗೆ 0, ಅಚ್ಚ ಬಿಳಿಗೆ 100. ಅಂಕಿ ಒಂದೇ ಇದ್ದರೂ ಬಣ್ಣ ಬೇರೆ ಇರಬಹುದು. ಅದಕ್ಕೇ ಗೋಡೆಗೆ ಹಚ್ಚಿ, ಒಣಗಿಸಿ ನೋಡುವುದೇ ವಾಸಿ.

ಹಚ್ಚಿ ನೋಡಿದೆವು. ಕೆಳಗಡೆ ಹಚ್ಚಿದ್ದಕ್ಕೆ ರೆಡ್ ಆಕ್ಸೈಡ್ ನೆಲದ ಕೆಂಪು ಬಡಿದು ಮಂಡಕ್ಕಿ ಹೋಗಿ ಖಾರ ಮಂಡಕ್ಕಿ ಆಯಿತು. ರಾತ್ರಿ 6500 ಕೆಲ್ವಿನ್ನಿನ (ಬೆಳಕಿನ ಬಣ್ಣ ಅಳೆಯುವ ಲೆಕ್ಕ) ಬಿಳಿ ಎಲ್‌ಇಡಿ ಹಾಕಿದರೆ ಎರಡಕ್ಕೂ ತಣ್ಣನೆಯ ನೀಲಿ. 3000ದ್ದು ಹಾಕಿದರೆ ಎರಡೂ ಕೆನೆ.

ಬೆಳಗಿನದು ಬೇರೆಯೇ ಕಥೆ. ಹಾಲ್‌ನ ಕಿಟಕಿ ತೆರೆದರೆ ಪಕ್ಕದ ಮನೆಯ ಗಿಳಿಹಸಿರು ಗೋಡೆ. ಬಿಸಿಲು ಅದಕ್ಕೆ ಬಡಿದೇ ನಮ್ಮ ಮನೆಗೆ ಬರಬೇಕು. ಆ ಹೊತ್ತಿಗೆ ಮಂಡಕ್ಕಿಯೂ ಹಸಿರು, ಅವಲಕ್ಕಿಯೂ ಹಸಿರು, ಪೇಪರ್ ಓದುವ ಅಪ್ಪನ ಬನಿಯನ್ನೂ ಹಸಿರು. ಅವಲಕ್ಕಿಯಲ್ಲಿ ಮೊದಲೇ ಹಸಿರಿತ್ತಲ್ಲ, ಜಾಸ್ತಿ ಆಯಿತು. ಮಂಡಕ್ಕಿಯೇ ಇರಲಿ ಅಂತ 20 ಲೀಟರ್ ಬಕೆಟ್ ತರಿಸಿದೆವು.

ಬಕೆಟ್ ಇಳಿಸುವಾಗ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿದರು. "ನಾವೂ ದೀಪಾವಳಿಗೆ ಹೊರಗಡೆ ಬಣ್ಣ ಬದಲಿಸ್ತೀವ್ರೀ. ಈ ಸಲ ಕನಕಾಂಬರ ಹೊಡೆಸೋಣ ಅಂತ. ಹೆಂಗ್ ಕಾಣ್ಬಹುದು?"