ಮೂಗು ದಪ್ಪ ಕಾಣುವುದು ಫೋನಿನ ತಪ್ಪಲ್ಲ

ಒಳ್ಳೆಯ ಫೋನ್ ಇದ್ದರೆ ಪ್ರೊಫೈಲ್ ಫೋಟೋಗೆ ಸ್ಟುಡಿಯೋ ಬೇಕಿಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ಆದರೆ ಮೆಗಾಪಿಕ್ಸೆಲ್ ಬಗ್ಗೆ ಅಷ್ಟೊಂದು ಬರೆದು, ದೂರದ ಬಗ್ಗೆ ಒಂದು ಮಾತೂ ಹೇಳಿಲ್ಲವಲ್ಲ!

ಕೈ ಚಾಚಿ ತೆಗೆದ ಸೆಲ್ಫಿಯಲ್ಲಿ ಮೂಗು ದಪ್ಪ, ಕಿವಿ ಸಣ್ಣದಾಗಿ ಕಾಣುತ್ತದೆ. ಕ್ಯಾಮೆರಾ ಮುಖಕ್ಕೆ ತೀರಾ ಹತ್ತಿರ ಇರುವುದೇ ಇದಕ್ಕೆ ಕಾರಣ. ಫೋಟೋಗ್ರಾಫರ್‌ಗಳು ದೂರದಿಂದಲೇ ಮುಖವನ್ನು ದೊಡ್ಡದಾಗಿ ತೋರಿಸುವ 85 ಮಿ.ಮೀ. ಲೆನ್ಸ್ ಹಾಕಿಕೊಂಡು ದೂರ ನಿಲ್ಲುವುದು ಸುಮ್ನೆ ಅಲ್ಲ. ಫೋನಿನಲ್ಲೂ ಹೀಗೆ ಮಾಡಬಹುದು. ಹಿಂಬದಿಯ ಕ್ಯಾಮೆರಾ ಬಳಸಿ, ಫೋನನ್ನು ಒಂದೂವರೆ, ಎರಡು ಮೀಟರ್ ದೂರ ಇಡಿ, 2 ಅಥವಾ 3 ಪಟ್ಟು ಜೂಮ್ ಮಾಡಿ ಟೈಮರ್ ಹಾಕಿ. ಕಿಟಕಿ ಕಡೆ ಮುಖ ಮಾಡಿ ನಿಲ್ಲಿ. ತಲೆ ಮೇಲಿನ ಲೈಟ್ ಆರಿಸಿ, ಇಲ್ಲದಿದ್ದರೆ ಕಣ್ಣ ಕೆಳಗೆ ನೆರಳು ಬೀಳುತ್ತದೆ. ಹಿನ್ನೆಲೆಯನ್ನು ಮಸುಕು ಮಾಡುವ ಪೋರ್ಟ್ರೇಟ್ ಮೋಡನ್ನು ಮಾತ್ರ ಜಾಸ್ತಿ ನಂಬಬೇಡಿ. ಗುಂಗುರು ಕೂದಲು, ಕನ್ನಡಕದ ಅಂಚು ಸಿಕ್ಕರೆ ಅದು ತಬ್ಬಿಬ್ಬಾಗುತ್ತದೆ.

ಸ್ಟುಡಿಯೋದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಇನ್ನೊಬ್ಬರ ಕಣ್ಣು. ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ ಬಿಡಿ, ಕಾಲರ್ ಸರಿ ಮಾಡಿ ಅಂತ ಟೈಮರ್ ಹೇಳುವುದಿಲ್ಲ. ನಟನಟಿಯರಿಗೆ, ಇಡೀ ತಂಡದ ಫೋಟೋ ಒಂದೇ ಥರ ಇರಬೇಕಾದ ಕಂಪನಿಗಳಿಗೆ ಫೋಟೋಗ್ರಾಫರೇ ಸರಿ. ಕೆಲಸ ಹುಡುಕುತ್ತಿರುವ ಹೆಚ್ಚಿನವರಿಗೆ ತಾಳ್ಮೆ ಇರುವ ಗೆಳೆಯರ ಕೈಗೆ ಫೋನ್ ಕೊಟ್ಟರೂ ಸಾಕು. ಹಾಗೇ ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಸಂದರ್ಶನಕ್ಕೆ ಹೋದಾಗ ಅವರಿಗೆ ನಿಮ್ಮ ಗುರುತು ಸಿಗಬೇಕಲ್ವಾ?