ಮೈಲಿಗೆ ಏಳೂವರೆ ವರ್ಷ

ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಇತಿಹಾಸ ನೋಡಲು ಹೊರಟರೆ ಇತಿಹಾಸಕ್ಕೆ ಸಿಗುವುದು ಕೊನೆಯ ಸೀಟು. ಮುಂದಿನ ಶೌಚಾಲಯ ಎಷ್ಟು ದೂರ, ಮೊಸರನ್ನದ ಡಬ್ಬಿ ಯಾರ ಕಾಲಡಿ, ಮೊಬೈಲ್ ಚಾರ್ಜರಿನ ಸರದಿ ಯಾರದು ಎಂಬುದೆಲ್ಲ ಇತ್ಯರ್ಥವಾದ ಮೇಲೆ ಜಾರ್ಜ್ ವಾಷಿಂಗ್ಟನ್ನನ ಪಾಳಿ.

ಅಮೆರಿಕದವರಿಗೆ ಈ ಕಷ್ಟ ಗೊತ್ತಿರಬೇಕು. ವರ್ಜೀನಿಯಾದಲ್ಲಿ ಅವರು ಚರಿತ್ರೆಯನ್ನು ಕಾರಿನ ಅಳತೆಗೇ ಹೊಲಿದಿಟ್ಟಿದ್ದಾರೆ. ಇಂಗ್ಲಿಷರು 1607ರಲ್ಲಿ ಬಂದು ನೆಲೆಯೂರಿದ ಜೇಮ್ಸ್‌ಟೌನ್, ಅವರ ಸೈನ್ಯ 1781ರಲ್ಲಿ ಶರಣಾದ ಯಾರ್ಕ್‌ಟೌನ್, ನಡುವೆ ವಿಲಿಯಮ್ಸ್‌ಬರ್ಗ್. ಮೂರನ್ನೂ ಪೋಣಿಸುವ ಕಲೋನಿಯಲ್ ಪಾರ್ಕ್‌ವೇ 23 ಮೈಲಿ. ಇಕ್ಕೆಲದಲ್ಲೂ ಅಂಗಡಿಯಿಲ್ಲ, ಜಾಹೀರಾತಿಲ್ಲ. ಮಗ ಹಿಂದಿನ ಸೀಟಿನಲ್ಲಿ ಕುಳಿತು ಭಾಗಿಸಿದ: “ಮೈಲಿಗೆ ಏಳೂವರೆ ವರ್ಷ, ತಾತ.” ಮಂಡ್ಯದ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತರಾದ ನಮ್ಮ ಮಾವನವರು ಮುಂದೆ ಕುಳಿತಿದ್ದ ತಮ್ಮ ಮಗನಿಗೆ, “ನಿಧಾನ ಓಡಿಸಪ್ಪ, ಒಂದು ತಲೆಮಾರು ತಪ್ಪಿಹೋದೀತು” ಎಂದರು.

ಜೇಮ್ಸ್‌ಟೌನಿನ ಮೂಲ ಕೋಟೆಯನ್ನು ನದಿ ನುಂಗಿತೆಂದೇ ಬಹುಕಾಲ ನಂಬಿದ್ದರು. 1994ರಲ್ಲಿ ಅಗೆತ ಶುರುವಾದ ಮೇಲೆ ಗೊತ್ತಾಯಿತು, ಅದರ ಬಹುಭಾಗ ನೆಲದಲ್ಲೇ ಇದೆಯೆಂದು. ಇದೆ ಎಂದರೆ, ಗೋಡೆಗೆ ನೆಟ್ಟಿದ್ದ ಮರದ ಕಂಬಗಳು ಕೊಳೆತು ಮಣ್ಣಿನಲ್ಲಿ ಉಳಿಸಿದ ಕಪ್ಪು ಕಲೆಗಳು. “ಇಷ್ಟೇನಾ?” ಎಂದರು ಅತ್ತೆ. ಕಲ್ಲಿಗೆ ಬರವಿಲ್ಲದ ಸೀಮೆಯಿಂದ ಬಂದವರಿಗೆ ಮಣ್ಣಿನ ಕಲೆಯನ್ನು ಗೌರವಿಸಲು ತುಸು ಹೊತ್ತು ಬೇಕು. ನನಗಂತೂ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅದೇ. ಇಲ್ಲದಿರುವುದನ್ನು ಇಷ್ಟು ನಿಖರವಾಗಿ ತೋರಿಸುವುದು ಸಣ್ಣ ವಿದ್ಯೆಯಲ್ಲ.

ವಿಲಿಯಮ್ಸ್‌ಬರ್ಗ್ ಅಚ್ಚುಕಟ್ಟು ಊರು; ಸ್ವಲ್ಪ ಅತಿಯಾಗಿಯೇ ಅಚ್ಚುಕಟ್ಟು. ತೈಲದ ಕುಬೇರರಾದ ರಾಕ್‌ಫೆಲ್ಲರ್ ಮನೆತನದ ಹಣದಲ್ಲಿ ಹೊಸದಾಗಿ ಹಳೆಯದಾದದ್ದು. ಹದಿನೆಂಟನೆಯ ಶತಮಾನದ ಉಡುಪು ತೊಟ್ಟವರು ಕುಲುಮೆ ಊದುತ್ತಾರೆ, ಪುಸ್ತಕಕ್ಕೆ ಕಟ್ಟು ಹಾಕುತ್ತಾರೆ. ಅಮೆರಿಕದ ಸ್ವಾತಂತ್ರ್ಯ ಕ್ರಾಂತಿಯ ಕಾಲಕ್ಕೆ ಈ ಊರಿನ ಅರ್ಧಕ್ಕಿಂತ ಹೆಚ್ಚು ಜನ ಕಪ್ಪುವರ್ಣೀಯರು, ಬಹುಪಾಲು ಗುಲಾಮರು. ಈಗ ಅದನ್ನೂ ಹೇಳುತ್ತಾರೆ. ಕೇಳಿದ ಮೇಲೆ ಆ ಜರತಾರಿ ಅಂಗಿಗಳ ಜತೆ ಫೋಟೋ ತೆಗೆಸಿಕೊಳ್ಳುವ ಹುಮ್ಮಸ್ಸು ನನಗೆ ಉಳಿಯಲಿಲ್ಲ.

ಮಾವನವರು ಕಾದಿದ್ದದ್ದು ಯಾರ್ಕ್‌ಟೌನಿಗೆ. ಅಲ್ಲಿ ಹುಲ್ಲು ಹೊದ್ದ ಮಣ್ಣಿನ ದಿಬ್ಬಗಳು, ಕೆಲವು ಫಿರಂಗಿ, ಆಚೆ ಅಗಲವಾದ ನದಿ. ನೆಲದಲ್ಲಿ ವಾಷಿಂಗ್ಟನ್ ಮತ್ತು ಫ್ರೆಂಚರು, ಸಮುದ್ರದ ದಾರಿಗೆ ಅಡ್ಡವಾಗಿ ಫ್ರೆಂಚ್ ಹಡಗುಗಳು. ನಡುವೆ ಸಿಕ್ಕಿಬಿದ್ದವನು ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್. ಅಕ್ಟೋಬರ್ 19ರ ಶರಣಾಗತಿಗೆ ಅವನು ಮೈ ಹುಷಾರಿಲ್ಲವೆಂದು ಬರದೆ, ಕತ್ತಿ ಕೊಟ್ಟು ಬರಲು ಕೈಕೆಳಗಿನ ಓ’ಹಾರಾನನ್ನು ಕಳುಹಿಸಿದ. “ಪರೀಕ್ಷೆಯ ದಿನ ಹೊಟ್ಟೆನೋವು. ಎಷ್ಟು ಜನರನ್ನು ನೋಡಿಲ್ಲ ನಾನು!” ಎಂದರು ಮಾವನವರು.

ಇಲ್ಲಿಯ ಫಲಕಗಳಿಗೆ ಕಾರ್ನ್‌ವಾಲಿಸನ ಕಥೆ ಇಲ್ಲಿಗೆ ಮುಗಿದ ಹಾಗೆ. ನಮ್ಮವರಿಗೆ ಇಲ್ಲಿಂದ ಶುರು. ಸೋತು ಹೋದವನಿಗೆ ಐದೇ ವರ್ಷದಲ್ಲಿ ಭಾರತದ ಗವರ್ನರ್ ಜನರಲ್ ಹುದ್ದೆ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊರಗೆ ಮಳೆಗೆ ಸಿಕ್ಕಿ, ಎಳೆಯುವ ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಮರುವರ್ಷ ಮತ್ತೆ ಬಂದು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿಯೂ ಪಡೆದ. ಮಾವನವರು ಇದಿಷ್ಟನ್ನೂ ದಿಬ್ಬದ ಪಕ್ಕದಲ್ಲಿ ನಿಂತು ತರಗತಿಯ ದನಿಯಲ್ಲಿ ಹೇಳಿದರು. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’ ಎಂದಾಗ ಮಗನೂ ಮೊಬೈಲಿನಿಂದ ತಲೆಯೆತ್ತಿದ.

“ಕಾರ್ನ್‌ವಾಲಿಸ್ ಆಮೇಲೆ ಏನಾದ, ತಾತ?”

“ಎರಡನೆಯ ಸಲ ಭಾರತಕ್ಕೆ ಬಂದು 1805ರಲ್ಲಿ ಗಾಜೀಪುರದಲ್ಲಿ ಸತ್ತ. ಸಮಾಧಿ ಅಲ್ಲೇ ಇದೆ. ಒಮ್ಮೆ ನೋಡಬೇಕು.”

ಅಷ್ಟು ಹೊತ್ತೂ ಬೆಂಚಿನ ಮೇಲೆ ಕುಳಿತು ಕೋಡುಬಳೆ ಹಂಚುತ್ತಿದ್ದ ಅತ್ತೆಗೆ ಮೊದಲ ಬಾರಿಗೆ ಕಾರ್ನ್‌ವಾಲಿಸನ ಮೇಲೆ ಆಸಕ್ತಿ ಹುಟ್ಟಿತು. “ಗಾಜೀಪುರ ಕಾಶಿಯ ಹತ್ತಿರ ಅಲ್ಲವೇ?” ಎಂದರು. ಕಾಶಿಯಾತ್ರೆಯನ್ನು ವರ್ಷವರ್ಷವೂ ಮುಂದೂಡುತ್ತ ಬಂದಿದ್ದ ಮಾವನವರು ಫಿರಂಗಿಯ ಕಡೆ ನೋಡತೊಡಗಿದರು.