‘ಸೌತ್ ಪೆಸಿಫಿಕ್’ ಬಣ್ಣಗೆಟ್ಟಿದ್ದು ಡಿಸ್ಕಿನಿಂದಲ್ಲ

ಶಿವಮೊಗ್ಗದ ಸಿನಿಮಾಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 1958ರ ಹಾಲಿವುಡ್ ಸಂಗೀತ ಚಿತ್ರ ‘ಸೌತ್ ಪೆಸಿಫಿಕ್’ ಕಾದಂಬರಿಯೊಂದರ ನೇರ ರೂಪಾಂತರ, ಅದರ ವಿಚಿತ್ರ ಬಣ್ಣ ಹಳೆಯ ಪ್ರತಿಯ ದೋಷ, ಹಾಡಿದವರೆಲ್ಲ ನಟರೇ. ಮೂರೂ ತಪ್ಪು.

ಮೂಲ ಜೇಮ್ಸ್ ಮಿಚೆನರ್ ಅವರ ಕಥೆಗಳು. ಆ ಕಥೆಗಳ ಪುಸ್ತಕಕ್ಕೆ 1948ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಕೆಲವು ಕಥೆಗಳನ್ನು ಹೆಣೆದು 1949ರಲ್ಲಿ ಸಂಗೀತ ನಾಟಕವಾಯಿತು, ನಾಟಕದಿಂದ ಸಿನಿಮಾ.

ಬಣ್ಣದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಮೊನ್ನೆ ಸಾಗರದ ನಮ್ಮ ಮನೆಯಲ್ಲಿ, ಹಂಚಿನ ಮೇಲೆ ಮಳೆ ಹುಯ್ಯುತ್ತಿರುವಾಗ ಮತ್ತೆ ನೋಡಿದೆವು. ‘ಬಾಲಿ ಹಾಯ್’ ಹಾಡಿಗೆ ಪರದೆಯ ಬಣ್ಣವೇ ತಿರುಗಿತು. ಚಿಕ್ಕಪ್ಪ ಟಿವಿ ಕೆಟ್ಟಿತೆಂದು ರಿಮೋಟ್ ಹಿಡಿದು ಒತ್ತಿದ್ದೇ ಒತ್ತಿದ್ದು. ಟಿವಿ ಸರಿಯಾಗಿಯೇ ಇತ್ತು. ಕ್ಯಾಮೆರಾಕ್ಕೆ ಬಣ್ಣದ ಫಿಲ್ಟರ್ ಹಾಕಿಯೇ ಚಿತ್ರೀಕರಿಸಿದ್ದು ಅದು. ನಿರ್ದೇಶಕ ಜೋಶುವಾ ಲೋಗನ್ ಬೇಕೆಂದೇ ಮಾಡಿದ ಪ್ರಯೋಗ. ಆಮೇಲೆ ಅವರೇ ಅದಕ್ಕಾಗಿ ಪರಿತಪಿಸಿದರು. ಚಿತ್ರೀಕರಣ ನಡೆದದ್ದು ಹವಾಯಿಯ ಕೌಆಯಿ ದ್ವೀಪದಲ್ಲಿ. ಆಗುಂಬೆಯ ಮಳೆಗಾಲ ಕಂಡ ಕಣ್ಣಿಗೆ, ಅಂಥ ಹಸಿರನ್ನು ಮರೆಮಾಡಿದ್ದು ನಿಜಕ್ಕೂ ಸಂಕಟವೇ.

ಇನ್ನು ಹಾಡಿನ ಮಾತು. ನಾಯಕಿ ಮಿಟ್ಜಿ ಗೇನರ್ ತಾವೇ ಹಾಡಿದರು, ನಿಜ. ಆದರೆ ನಾಯಕ ರೊಸಾನೊ ಬ್ರಾಜಿಗೆ ಕಂಠ ಕೊಟ್ಟವರು ಒಪೆರಾ ಗಾಯಕ ಜಾರ್ಜಿಯೊ ಟೊಜಿ. ನನಗೆ ಹೆಚ್ಚು ನೋವಾಗುವುದು ವನೀಟಾ ಹಾಲ್ ವಿಷಯದಲ್ಲಿ. ರಂಗದ ಮೇಲೆ ‘ಬಾಲಿ ಹಾಯ್’ ಹಾಡಿ, ಅದೇ ಪಾತ್ರಕ್ಕೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಗೆದ್ದವರು ಅವರು. ಸಿನಿಮಾದಲ್ಲಿ ಮುಖ ಅವರದೇ, ಹಾಡಿನ ದನಿ ಮಾತ್ರ ಮ್ಯೂರಿಯಲ್ ಸ್ಮಿತ್ ಅವರದು.

ಆ ಸಂದೇಶ ಕಳಿಸಿದವರು ದಯವಿಟ್ಟು ಇದನ್ನೂ ಅದೇ ಗುಂಪುಗಳಿಗೆ ಹಾಕಿ.